ಉಪ್ಪು ನೋಡದ ನಲವತ್ತು ದಿನ

ಫೆಬ್ರುವರಿ 18, ವಿಭೂತಿ ಬುಧವಾರ

ಹಣೆಯ ಮೇಲಿನ ಬೂದಿಯನ್ನು ಇನ್ನೂ ಒರೆಸಿಲ್ಲ. ಇವತ್ತು ನಾನೊಂದು ದೊಡ್ಡ ಸುಳ್ಳು ಹೇಳಿದೆ, ಅದೂ ದೇವರ ಹೆಸರಿನಲ್ಲಿ. ಯಾರಿಗೂ ಹೇಳಲಾರದೆ ಹೊಟ್ಟೆ ಉಬ್ಬರಿಸುತ್ತಿದೆ. ಹೊಸ ವರ್ಷಕ್ಕೆ ಕಂಪನಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇದಕ್ಕಾದರೂ ಹೇಳಿಕೊಳ್ಳೋಣ.

ವಿಷಯ ಇಷ್ಟೇ. ಜನವರಿಯಲ್ಲಿ ಬಂದ ಜ್ವರ ಹೋಗುವಾಗ ನನ್ನ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಪ್ಪು, ಹುಳಿ, ಖಾರ ಏನೂ ಗೊತ್ತಾಗುವುದಿಲ್ಲ. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು, ಆರು ತಿಂಗಳು ನೋಡೋಣ" ಅಂದರು. ಬೇರೆ ಯಾರಾದರೂ ಆಗಿದ್ದರೆ ನೋಡುತ್ತಾ ಕೂರಬಹುದಿತ್ತು. ನಾನು ಬೊಮ್ಮಸಂದ್ರದ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷದಿಂದ ಮುಖ್ಯ ಅಡುಗೆಯವಳು. ದಿನಾ ಮಧ್ಯಾಹ್ನ ಮುನ್ನೂರ ಎಂಬತ್ತು ಜನ ನನ್ನ ಕೈ ಅಡುಗೆ ಉಣ್ಣುತ್ತಾರೆ. ಕಣ್ಣು ಕಾಣದ ಡ್ರೈವರ್‌ನ ಕೈಗೆ ಬಸ್ಸು ಯಾರು ಕೊಡುತ್ತಾರೆ? ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಗಂಡ ಚೌರಪ್ಪನಿಗೂ ಹೇಳಿಲ್ಲ. ಒಂದು ತಿಂಗಳು ಬರೀ ಅಂದಾಜಿನಲ್ಲಿ ದೂಡಿದೆ.

ಬೆಳಿಗ್ಗೆ ಐದೂವರೆಯ ಪೂಜೆಗೆ ಹೋಗಿದ್ದೆ. ಫಾದರ್ ವಸಂತ್ ಪ್ರಸಂಗದಲ್ಲಿ, "ಉಪವಾಸ ಮಾಡೋರು ಮುಖ ತೊಳ್ಕೊಂಡು ತಲೆ ಬಾಚ್ಕೊಂಡು ಲಕ್ಷಣವಾಗಿರಿ. ನಾನು ಉಪವಾಸ, ನಾನು ಉಪವಾಸ ಅಂತ ಊರಿಗೆಲ್ಲ ಡಂಗುರ ಹೊಡೀಬೇಡಿ" ಅಂದರು. ನಾನು ಎಂಟು ಗಂಟೆಗೆಲ್ಲ ಡಂಗುರ ಹೊಡೆದಾಗಿತ್ತು.

ಆದದ್ದು ಹೀಗೆ. ನನ್ನ ಕೈಕೆಳಗೆ ಕೆಲಸ ಮಾಡುವ ಮಹಾದೇವಿ ಹಣೆಯ ಬೂದಿ ನೋಡಿ, "ನಿಮ್ಮಾಗೂ ವಿಭೂತಿ ಹಚ್ತಾರೇನ್ರಿ ಅಕ್ಕಾರ?" ಎಂದು ಕಣ್ಣರಳಿಸಿದಳು. ಯಾದಗಿರಿ ಕಡೆಯವಳು, ಎರಡು ವರ್ಷದಿಂದ ನಮ್ಮಲ್ಲಿದ್ದಾಳೆ. ಕೈ ಚುರುಕು. ಮಾರ್ಚ್ ಕೊನೆಗೆ ಎರಡನೇ ಅಡುಗೆಯವ ಭರಮಪ್ಪ ನಿವೃತ್ತನಾದರೆ ಆ ಜಾಗ ತನಗೆ ಸಿಗುತ್ತದೆ ಎಂದು ಕಾಯುತ್ತಿದ್ದಾಳೆ. ಅವಳು ಕೇಳಿದ ಆ ಕ್ಷಣಕ್ಕೆ ನನಗೆ ಉಪಾಯ ಹೊಳೆಯಿತು.

"ಇವತ್ತಿಂದ ನಮಗೆ ತಪಸ್ಸು ಕಾಲ ಕಣಮ್ಮ. ಪಾಸ್ಕ ಹಬ್ಬ, ಅದೇ ಈಸ್ಟರ್, ಅಲ್ಲೀವರೆಗೂ ಹಗಲು ಹೊತ್ತು ನಾಲಿಗೆಗೆ ನೀರು ಬಿಟ್ಟು ಏನೂ ಸೋಕಿಸಲ್ಲ. ಉಪ್ಪು ಹುಳಿ ಎಲ್ಲ ನೀನೇ ನೋಡ್ಬೇಕು," ಅಂದೆ.

ನಮ್ಮ ಧರ್ಮಸಭೆ ಅಷ್ಟೊಂದು ಕೇಳುವುದೇ ಇಲ್ಲ. ಇವತ್ತೊಂದು ದಿನ, ಶುಭ ಶುಕ್ರವಾರ ಒಂದು ದಿನ ಒಪ್ಪೊತ್ತಿನ ಊಟ, ಶುಕ್ರವಾರಗಳಂದು ಮಾಂಸ ಇಲ್ಲ, ಅಷ್ಟೇ. ಅದಕ್ಕಿಂತ ಹೆಚ್ಚು ಮಾಡುವುದು ಅವರವರ ಭಕ್ತಿ. ನನ್ನದು ಭಕ್ತಿಯಲ್ಲ, ಹೆದರಿಕೆ. ಪಾಪ, ಮಹಾದೇವಿ ಕೈ ಮುಗಿದಳು.

ಚರ್ಚಿನಲ್ಲಿ ಎಂದಿನಂತೆ ಮನೆಗೊಂದು ಬಟ್ಟೆಯ ಚೀಲ ಕೊಟ್ಟಿದ್ದಾರೆ. ಊಟ ಬಿಟ್ಟಾಗಲೆಲ್ಲ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಬೇಕು. ಶುಭ ಶುಕ್ರವಾರ ಎಲ್ಲರ ಚೀಲವನ್ನೂ ಒಂದೇ ಹಂಡೆಗೆ ಸುರಿದು ಗಂಜಿ ಕಾಯಿಸಿ ಬಂದವರಿಗೆಲ್ಲ ಬಡಿಸುತ್ತೇವೆ. ನಾನು ಚೀಲವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ ಸುಮ್ಮನಾದೆ. ಸುಳ್ಳು ಉಪವಾಸಕ್ಕೆ ನಿಜವಾದ ಅಕ್ಕಿ ಯಾಕೆ?

ಫೆಬ್ರುವರಿ 20, ಶುಕ್ರವಾರ

ಏರ್ಪಾಡು ಸೊಗಸಾಗಿ ನಡೆದಿದೆ. ನಾನು ಅರ್ಧ ಉಪ್ಪು ಹಾಕುತ್ತೇನೆ, ಮಹಾದೇವಿ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡಿ ಉಳಿದದ್ದನ್ನು ಹಾಕುತ್ತಾಳೆ. "ಈಗ ಬರೋಬ್ಬರಿ ಆತ್ರಿ" ಅನ್ನುತ್ತಾಳೆ. ಎಲ್ಲರೂ ನನ್ನನ್ನು ನೋಡುವ ರೀತಿಯೇ ಬೇರೆಯಾಗಿದೆ. ತರಕಾರಿ ಹೆಚ್ಚುವ ಮರೆವ್ವ ನನಗೆಂದು ಕುರ್ಚಿ ತಂದು ಹಾಕಿದಳು. ಸಂತಳಾಗುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಹಸಿವು ತಡೆಯಲಾಗಲಿಲ್ಲ. ಉಗ್ರಾಣದ ಬಾಗಿಲ ಹಿಂದೆ ನಿಂತು ಎರಡು ಬಾಳೆಹಣ್ಣು ತಿಂದೆ. ಮೆತ್ತಗಿತ್ತು, ಬೇರೇನೂ ಗೊತ್ತಾಗಲಿಲ್ಲ.

ಫೆಬ್ರುವರಿ 23, ಸೋಮವಾರ

ಇವತ್ತಿನದನ್ನು ಬರೆಯಲು ಕೈಯೇ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಹಾದೇವಿ ಸೋಮವಾರ ಒಪ್ಪೊತ್ತು ಹಿಡಿಯುತ್ತಾಳೆ. ಸಂಜೆ ಶಿವನಿಗೆ ದೀಪ ಹಚ್ಚುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ. ಎರಡು ವರ್ಷದಿಂದ ನೋಡಿದ್ದೇನೆ, ಆದರೂ ಮರೆತಿದ್ದೆ. ಸಾಂಬಾರು ಕುದಿಯುವಾಗ ಅವಳ ಹಣೆಯ ವಿಭೂತಿ ಕಂಡು ನೆನಪಾಯಿತು. ಹಾಗಾದರೆ ಇವತ್ತು ಅವಳು ರುಚಿ ನೋಡುವುದಿಲ್ಲ ಎಂದುಕೊಂಡು ಪೂರ್ತಿ ಉಪ್ಪನ್ನು ನಾನೇ ಅಳತೆಯಲ್ಲಿ ಹಾಕಿದೆ. ಅವಳಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹಾಕಿದವಳೇ ಉಗ್ರಾಣಕ್ಕೆ ಹೋಗಿದ್ದೆ, ಬಾಳೆಹಣ್ಣಿಗೆ.

ಇತ್ತ ಅವಳು, ಅಕ್ಕಾರು ಎಂದಿನಂತೆ ಅರ್ಧ ಹಾಕಿರುತ್ತಾರೆ ಎಂದುಕೊಂಡಳು. ನೆಕ್ಕಿ ನೋಡುವಂತಿಲ್ಲ. ದಿನವೂ ಎಷ್ಟು ಹಾಕುತ್ತಿದ್ದಳೋ ಅಷ್ಟನ್ನು ಇವತ್ತೂ ಹಾಕಿದಳು. ಒಂದು ಅಡುಗೆಮನೆ, ಇಬ್ಬರು ಉಪವಾಸಿಗಳು, ರುಚಿ ನೋಡುವ ನಾಲಿಗೆ ಒಂದೂ ಇಲ್ಲ. ಸಾಂಬಾರು ಮುನ್ನೂರ ಎಂಬತ್ತು ತಟ್ಟೆಗೆ ಹೋಯಿತು.

ಮೊದಲು ಕೂಗಿದವನು ಲೇತ್ ಮೆಷಿನ್ನಿನ ನಲ್ಲಪ್ಪ. "ಏನ್ ಗುರು ಇದು, ಸಮುದ್ರದ ನೀರು ಕಾಯ್ಸಿ ಹಾಕವ್ರೆ!" ಆಮೇಲೆ ತಟ್ಟೆಗಳು ದಬದಬ ಎಂದು ಮೇಜಿನ ಮೇಲೆ ಬಿದ್ದವು. ಕ್ಯಾಂಟೀನ್ ಮೇಲ್ವಿಚಾರಕ ಪಂಚಾಕ್ಷರಿ ಓಡಿ ಬಂದರು.

"ಉಪ್ಪು ನೋಡಿದ್ಯಾರು?"

ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಸತ್ಯ ಹೇಳಿದರೆ ಬಾಳೆಹಣ್ಣಿನದೂ ಹೇಳಬೇಕು, ನಾಲಿಗೆಯದೂ ಹೇಳಬೇಕು.

"ನಾನ್ರಿ ಸರ. ನನ್ನ ಕಡಿಂದ ತಪ್ಪಾತ್ರಿ," ಅಂದಳು ಮಹಾದೇವಿ.

"ಆರೋಗ್ಯಮ್ಮನವರು ಪಾಪ ಉಪವಾಸ ಇದ್ದಾರೆ. ನಿನ್ನ ನಂಬಿ ಬಿಟ್ರೆ ಹಿಂಗಾ ಮಾಡೋದು? ನಾಳೆಯಿಂದ ಒಲೆ ಹತ್ರ ಬರಬೇಡ, ಪಾತ್ರೆ ತೊಳಿ. ಭರಮಪ್ಪನ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಅವರು ಹೋದ ಮೇಲೆ ಅವಳನ್ನು ಕೇಳಿದೆ, ಯಾಕಮ್ಮ ಹಾಗೆ ಒಪ್ಪಿಕೊಂಡೆ ಅಂತ. "ದೇವರ ಹೆಸರ್ಲೆ ನಲವತ್ತ ದಿನ ಉಪಾಸ ಕುಂತೀರಿ. ನಿಮ್ಮ ಮ್ಯಾಲ ಹ್ಯಾಂಗ ಮಾತು ಬರಗೊಡ್ಲಿರಿ?" ಅಂದಳು.

ಸಂಜೆ ಅನ್ನ ಕಲೆಸಿಕೊಂಡು ಕೂತವಳು ತಟ್ಟೆಯನ್ನು ಹಾಗೇ ಎತ್ತಿಟ್ಟೆ.

ಫೆಬ್ರುವರಿ 24

ಇವತ್ತು ಹೇಳಲಿಲ್ಲ. ನಾಳೆ ಹೇಳುತ್ತೇನೆ.

ಉಗ್ರಾಣಕ್ಕೆ ಬೇಳೆ ತರಲು ಹೋದವಳು ಬಾಳೆಹಣ್ಣಿನ ಗೊನೆ ಕಂಡು ಹಿಂದಕ್ಕೆ ಬಂದೆ. ಸಂಜೆಯವರೆಗೆ ನಿಜವಾಗಿಯೂ ಏನೂ ತಿನ್ನಲಿಲ್ಲ.

ಮಾರ್ಚ್ 4, ಬುಧವಾರ

ನಾಳೆ ನಾಳೆ ಎನ್ನುತ್ತಾ ಒಂದು ವಾರ ದಾಟಿತು.

ಈಗ ದಿನವೂ ಪಂಚಾಕ್ಷರಿಯವರೇ ಹನ್ನೊಂದೂವರೆಗೆ ಬಂದು ರುಚಿ ನೋಡುತ್ತಾರೆ. "ನೀವು ನೆಮ್ಮದಿಯಾಗಿ ಉಪವಾಸ ಮಾಡಿ ಆರೋಗ್ಯಮ್ಮ, ಟೇಸ್ಟಿಂಗ್ ನನಗೆ ಬಿಡಿ" ಎಂದು ಉದಾರವಾಗಿ ಹೇಳಿದ್ದಾರೆ. ಅವರಿಗೆ ರಕ್ತದೊತ್ತಡ. ಮನೆಯಲ್ಲಿ ಹೆಂಡತಿ ಐದು ವರ್ಷದಿಂದ ಉಪ್ಪು ಕಟ್ಟು ಮಾಡಿಸಿದ್ದಾರೆ. ಚಿಟಿಕೆ ಉಪ್ಪು ಬಿದ್ದರೂ ಅವರಿಗೆ ಜಾಸ್ತಿ. "ಸಾಕು ಸಾಕು, ಪರ್ಫೆಕ್ಟ್!" ಅನ್ನುತ್ತಾರೆ. ಅತ್ತ ಇಡೀ ಮೆಷಿನ್ ಶಾಪು ಜೇಬಿನಲ್ಲಿ ಉಪ್ಪಿನಕಾಯಿ ಪೊಟ್ಟಣ ಇಟ್ಟುಕೊಂಡು ಓಡಾಡುತ್ತಿದೆ. ನಗು ಬಂದರೂ ನಗುವ ಹಕ್ಕು ನನಗಿಲ್ಲ.

ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಪಂಚಾಕ್ಷರಿಯವರು ಬೆನ್ನು ತಿರುಗಿಸಿದ ಮೇಲೆ ಸಣ್ಣ ಬಟ್ಟಲಿನಲ್ಲಿ ಸಾಂಬಾರು ಹಿಡಿದು ಹಿತ್ತಲ ಪಾತ್ರೆ ತೊಟ್ಟಿಗೆ ಹೋಗುತ್ತೇನೆ. ಮಹಾದೇವಿ ಸೋಪಿನ ಕೈ ತೊಳೆದುಕೊಂಡು ನೋಡಿ, "ಇನ್ನ ಎರಡ ಮುಟಗಿ ಹಾಕ್ರಿ" ಅನ್ನುತ್ತಾಳೆ. ಸೋಮವಾರಗಳಂದು ಮಾತ್ರ ದೇವರೇ ಗತಿ. ಅವಳ ಬೆರಳುಗಳ ಸಂದಿಯಲ್ಲಿ ಚರ್ಮ ಸುಲಿದಿದೆ. ನೋಡಿಯೂ ನೋಡದವಳ ಹಾಗೆ ಬಟ್ಟಲು ತೆಗೆದುಕೊಂಡು ಬಂದೆ.

ಮಾರ್ಚ್ 8, ಭಾನುವಾರ

ಭಾನುವಾರ ನಮಗೆ ಉಪವಾಸವಿಲ್ಲ, ಕ್ಯಾಂಟೀನೂ ಇಲ್ಲ. ಮನೆ ಗುಡಿಸುವಾಗ ಟಿವಿಯ ಹಿಂದೆ ಒಂದು ಸಣ್ಣ ಡಬ್ಬಿ ಸಿಕ್ಕಿತು. ತೆರೆದರೆ ಪುಡಿ ಉಪ್ಪು. ಪಕ್ಕದಲ್ಲೇ ಇನ್ನೊಂದು, ಖಾರದ ಪುಡಿ.

ಚೌರಪ್ಪ ಕಳ್ಳನ ಹಾಗೆ ನಿಂತಿದ್ದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಅಡುಗೆಗೆ ಕೊಂಕು ತೆಗೆಯದೆ ಒಂದು ಹೊತ್ತು ಊಟ ಮಾಡಿದವರಲ್ಲ. ಎರಡು ತಿಂಗಳಿಂದ ತುಟಿ ಪಿಟಕ್ ಅಂದಿರಲಿಲ್ಲ. ವಯಸ್ಸಾಯಿತು, ಬುದ್ಧಿ ಬಂತು ಎಂದುಕೊಂಡಿದ್ದೆ.

"ಯಾವಾಗಿಂದ ಗೊತ್ತು?"

"ಆ ಜ್ವರ ಬಂದು ಓದಾಗ್ಲಿಂದ. ಪಾಯಸಕ್ಕೆ ಸಕ್ಕರೆನೇ ಆಕಿರ್ಲಿಲ್ವಲ್ಲಮ್ಮಿ ನೀನು."

"ಹೇಳ್ಬೇಕು ತಾನೇ?"

"ನೀನೇ ಯೋಳ್ತೀಯ ಅಂತ ಇದ್ದೆ."

ನಾನು ಅತ್ತುಬಿಟ್ಟೆ. ಅವರು ಡಬ್ಬಿಗಳನ್ನು ತಂದು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಮಧ್ಯಾಹ್ನ ಇಬ್ಬರೂ ಕೂತು ಹುಳಿಯನ್ನ ತಿಂದೆವು. ಅವರು ಉಪ್ಪು ಹಾಕಿಕೊಂಡು ತಿಂದರು, ನಾನು ಹಾಗೇ ತಿಂದೆ. ಬಹಳ ದಿನದ ಮೇಲೆ ಹೊಟ್ಟೆ ತುಂಬಿತು.

ಮಾರ್ಚ್ 13, ಶುಕ್ರವಾರ

ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಪಾಪನಿವೇದನೆಗೆ ಕೂತೆ. ಎಲ್ಲವನ್ನೂ ಹೇಳಿದೆ, ನಾಲಿಗೆ, ಬಾಳೆಹಣ್ಣು, ಮಹಾದೇವಿ. ಹೇಳಿ ಮುಗಿಸಿದವಳೇ, "ಪ್ರಾಯಶ್ಚಿತ್ತಕ್ಕೆ ನಾಳೆಯಿಂದ ನೀರನ್ನೂ ಬಿಟ್ಟುಬಿಡ್ತೀನಿ ಫಾದರ್" ಅಂದೆ.

ಫಾದರ್ ವಸಂತ್ ತಲೆ ಅಲ್ಲಾಡಿಸಿದರು.

"ಬೇಡಮ್ಮ. ಹೊಟ್ಟೆ ನೀವು ಹೇಳಿದ ಹಾಗೆ ಕೇಳ್ತಾ ಇದೆ, ಅದನ್ನ ಇನ್ನೂ ಹೆದರಿಸೋದು ಬೇಡ. ನೀವು ಬಿಡಬೇಕಾಗಿರೋದು ಊಟ ಅಲ್ಲ. ಆರೋಗ್ಯಮ್ಮನ ಕೈರುಚಿ ಅಂತ ಜನ ಹೇಳ್ತಾರಲ್ಲ, ಅದನ್ನ ಬಿಡೋಕಾಗುತ್ತಾ ನೋಡಿ."

ಸಿಟ್ಟು ನೆತ್ತಿಗೇರಿತು. ನೆನ್ನೆ ಮೊನ್ನೆ ಗುರುಪಟ್ಟ ಪಡೆದವರು, ಬಿಸಿ ಒಲೆಯ ಮುಂದೆ ಒಂದು ದಿನ ನಿಂತವರಲ್ಲ, ಅವರಿಗೇನು ಗೊತ್ತು? ಕೈರುಚಿ ಬಿಟ್ಟರೆ ನನ್ನಲ್ಲಿ ಇನ್ನೇನಿದೆ? ದಾರಿಯುದ್ದಕ್ಕೂ ಚೌರಪ್ಪನ ಹತ್ತಿರ ಬೈದುಕೊಂಡೇ ಬಂದೆ. ಏನು ಹೇಳಿದರು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಬಂದು ಅನ್ನಕ್ಕಿಟ್ಟೆ. ಇಡುವಾಗ ಚೀಲಕ್ಕೂ ಒಂದು ಹಿಡಿ ಹಾಕಿದೆ. ಇಷ್ಟು ದಿನದ್ದು ಬಾಕಿ ಇದೆಯಲ್ಲ ಎಂದು ಇನ್ನಷ್ಟು ಹಾಕಿದೆ. ಉಗ್ರಾಣದ ಬಾಳೆಹಣ್ಣಿನ ದಿನಗಳನ್ನು ಕಳೆದು ಉಳಿದ ದಿನಗಳದ್ದು ಮಾತ್ರ.

ಮಾರ್ಚ್ 17, ಮಂಗಳವಾರ

ಹಸಿವಿನ ಗುಣ ಈಗ ಗೊತ್ತಾಗಿಬಿಟ್ಟಿದೆ. ಹನ್ನೊಂದಕ್ಕೆ ಬಂದು ಒಂದು ಗಂಟೆ ರಗಳೆ ಮಾಡುತ್ತದೆ, ಕೂರು ಅಂದರೆ ಒಂದು ಮೂಲೆಯಲ್ಲಿ ಕೂರುತ್ತದೆ. ಆಮೇಲೆ ಮೈ ಹಗುರ. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದು, ಅನ್ನದ ನೀರು ಇಂಗುವ ಸದ್ದು ಎಲ್ಲ ಚೆನ್ನಾಗಿ ಕೇಳಿಸುತ್ತವೆ. ರಂಜಾನ್ ಉಪವಾಸದ ರೋಜಾ ಇರುವ ನಾಲ್ಕೈದು ಜನ ಊಟದ ಹೊತ್ತಿನಲ್ಲಿ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಾರೆ. ನಾನೂ ಹೋಗಿ ಸ್ವಲ್ಪ ಹೊತ್ತು ಕೂರುತ್ತೇನೆ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ, ಹಿತವಾಗಿರುತ್ತದೆ.

ಲೋಡಿಂಗಿನ ಭೀಮಪ್ಪ ಯಾವಾಗಲೂ ಎರಡು ಗಂಟೆಗೆ ಬರುತ್ತಾನೆ. ಹಂಡೆಯ ತಳ ಕೆರೆದ ಅನ್ನವೇ ಅವನ ಪಾಲು. ಹನ್ನೊಂದು ವರ್ಷದಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ ನೋಡು. ಹೋದ ವಾರದಿಂದ ಹನ್ನೆರಡಕ್ಕೇ ಅವನದೊಂದು ತಟ್ಟೆ ತೆಗೆದು ಮುಚ್ಚಿಡುತ್ತಿದ್ದೇನೆ.

ಪಂಚಾಕ್ಷರಿಯವರಿಗೆ ಇನ್ನೂ ಹೇಳಿಲ್ಲ. ಭರಮಪ್ಪನ ಜಾಗಕ್ಕೆ ಯಾರೋ ಹೊಸಬರನ್ನು ನೋಡಿದ್ದಾರಂತೆ.

ಮಾರ್ಚ್ 19, ಯುಗಾದಿ

ಫ್ಯಾಕ್ಟರಿಗೆ ರಜೆ. ನಾಲ್ಕು ಗಂಟೆಗೆ ಮಹಾದೇವಿ ಬಂದಳು, ಕೈಯಲ್ಲಿ ಹೋಳಿಗೆಯ ಡಬ್ಬಿ, ಒಂದು ತಂಬಿಗೆಯಲ್ಲಿ ಬೇವು. ಅವರ ಕಡೆ ಬೇವನ್ನು ಪಾನಕದ ಹಾಗೆ ಮಾಡಿ ಕುಡಿಯುತ್ತಾರೆ. ನನ್ನ ಉಪವಾಸ ಎಂದು ಹೊತ್ತು ಮುಳುಗುವವರೆಗೆ ಕಾದು ಕೂತಿದ್ದಳು. ಚೌರಪ್ಪನ ಜೊತೆ ಊರಿನ ಮಾತು, ಮಕ್ಕಳ ಮಾತು. ಪಾತ್ರೆ ತೊಟ್ಟಿಯ ವಿಷಯ ಒಂದು ಸಲವೂ ಎತ್ತಲಿಲ್ಲ.

ದೀಪ ಹಚ್ಚಿದ ಮೇಲೆ ಬೇವಿನ ಲೋಟ ಕೊಟ್ಟಳು. ಬಾಯಾರಿದ್ದೆ, ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟೆ. "ತುಂಬ ಚೆನ್ನಾಗಿದೆ ಕಣಮ್ಮ," ಅಂದೆ.

ಅವಳೂ ಒಂದು ಗುಟುಕು ಕುಡಿದಳು. ಮುಖ ಕಿವುಚಿ ಕಣ್ಣಲ್ಲಿ ನೀರು ಬಂತು. ಬೆಲ್ಲ ಹಾಕುವುದನ್ನೇ ಮರೆತಿದ್ದಳಂತೆ, ಬರೀ ಬೇವಿನ ಹೂವು, ಹುಣಸೆ ನೀರು. ನನ್ನ ಖಾಲಿ ಲೋಟವನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕಾರ, ನಿಮಗ ರುಚಿ ಹತ್ತಂಗಿಲ್ಲೇನ್ರಿ?"

ಚೌರಪ್ಪ ಎದ್ದು ಹೊರಗೆ ಹೋದರು. ನಾನು ಎಲ್ಲವನ್ನೂ ಹೇಳಿದೆ. ಆ ಸೋಮವಾರ ನಾನು ಎಲ್ಲಿದ್ದೆ, ಏನು ತಿನ್ನುತ್ತಿದ್ದೆ ಅನ್ನುವುದನ್ನೂ ಬಿಡಲಿಲ್ಲ. ಅವಳು ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಾ ಕೂತಿದ್ದಳು.

"ನಾ ನಿಮ್ಮ ಉಪಾಸದ್ದ ನಮ್ಮ ಓಣಿ ತುಂಬ ಹೇಳ್ಕೊಂಡ ತಿರಗ್ಯಾಡೀನಿ," ಅಂದಳು. "ನಂಗರ ಹೇಳಬಾರದಿತ್ತೇನ್ರಿ? ನಾನೇ ನಿಮ್ಮ ನಾಲಿಗಿ ಆಗಿರ್ತಿದ್ದೆ. ಯಾರಿಗಿ ಗೊತ್ತಾಗ್ತಿತ್ತು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಂಚಾಕ್ಷರಿಯವರಿಗೆ ನಾನೇ ಹೇಳುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಅವಳು ನಿಧಾನವಾಗಿ ಕೈ ಬಿಡಿಸಿಕೊಂಡಳು. ತಂಬಿಗೆ ತೆಗೆದುಕೊಂಡು ಹೊರಟಳು.

ಮಾರ್ಚ್ 25

ಹೇಳಿಲ್ಲ.

ಮಾರ್ಚ್ 30, ಸೋಮವಾರ

ಹೇಳಿದೆ!

ನೆನ್ನೆ ಗರಿಗಳ ಭಾನುವಾರ. ಇನ್ನು ಒಂದೇ ವಾರಕ್ಕೆ ಹಬ್ಬ, ಅಲ್ಲಿಗೆ ನನ್ನ ನೆಪವೂ ಮುಗಿಯುತ್ತದೆ, ಇನ್ನೊಂದು ನೆಪ ಹುಡುಕಬೇಕು ಎಂದು ಬೆಳಿಗ್ಗೆ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಹಲ್ಲುನೋವು ಅನ್ನಲೇ, ನಾಲಿಗೆಯಲ್ಲಿ ಹುಣ್ಣು ಅನ್ನಲೇ? ಬೊಮ್ಮಸಂದ್ರದಲ್ಲಿ ಇಳಿಯುವಾಗ ನನ್ನ ಬಗ್ಗೆ ನನಗೇ ಬೇಸರವಾಯಿತು. ನೇರವಾಗಿ ಪಂಚಾಕ್ಷರಿಯವರ ಮೇಜಿನ ಮುಂದೆ ನಿಂತೆ.

"ಸಾರ್, ಆ ಉಪ್ಪಿನ ತಪ್ಪು ನಂದು. ಮಹಾದೇವೀದಲ್ಲ. ಜನವರಿಯಿಂದ ನನಗೆ ರುಚಿ ಗೊತ್ತಾಗ್ತಿಲ್ಲ. ಅದನ್ನ ಮುಚ್ಚಿಡೋಕೆ ಉಪವಾಸ ಅಂದೆ."

ಅವರು ಪೆನ್ನು ಕೆಳಗಿಟ್ಟರು. "ಅಂದ್ರೆ ಇಷ್ಟು ದಿನ ನಾಲಿಗೆ ಇಲ್ಲದೇನೇ ನೀವು ಅಡುಗೆ ಮಾಡಿದ್ರಾ?"

"ನೀವೂ ಹಂಗೇ ರುಚಿ ನೋಡಿದ್ರಲ್ಲ ಸಾರ್. ಹುಡುಗರು ಜೇಬಲ್ಲಿ ಉಪ್ಪಿನಕಾಯಿ ಇಟ್ಕೊಂಡು ತಿರುಗ್ತಿದ್ರು."

ಬಾಯಿ ಜಾರಿ ಬಂದುಬಿಟ್ಟಿತು. ಕೆಲಸ ಹೋಯಿತು ಎಂದುಕೊಂಡೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು, ಆಮೇಲೆ ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. "ಮನೇಲೂ ಹಂಗೇ ಅಂತಾರೆ ಕಣ್ರೀ," ಅಂದರು. ಸ್ವಲ್ಪ ಹೊತ್ತಿನ ಮೇಲೆ ಮುಖ ಗಂಭೀರವಾಯಿತು. "ಆದ್ರೆ ಮುಖ್ಯ ಅಡುಗೆಗೆ ನಾಲಿಗೆ ಬೇಕು ಆರೋಗ್ಯಮ್ಮ. ಅದು ನಿಮಗೂ ಗೊತ್ತು."

"ಗೊತ್ತು ಸಾರ್. ನನ್ನ ಜಾಗ ಮಹಾದೇವಿಗೆ ಕೊಡಿ. ಭರಮಪ್ಪನ ಜಾಗದಲ್ಲಿ ನಾನಿರ್ತೀನಿ. ಅಳತೆ, ಹದ ಎಲ್ಲ ಹೇಳಿಕೊಡ್ತೀನಿ."

ಹೇಳಿದ ಮೇಲೆ ನನಗೇ ಆಶ್ಚರ್ಯ, ಹೀಗೆ ಹೇಳಬೇಕೆಂದು ಹೋಗಿರಲಿಲ್ಲ. ಅವರು ಮೇಲಿನವರನ್ನು ಕೇಳಿ ಮಧ್ಯಾಹ್ನಕ್ಕೆ ಒಪ್ಪಿಗೆ ತಂದರು. ಹಬ್ಬದ ಮರುದಿನದಿಂದ ಹಾಗೇ ಆಗಲಿ ಅಂದರು. ಒಂದು ಷರತ್ತು ಹಾಕಿದರು: "ಅಡುಗೆಮನೆಯವರಿಗೆಲ್ಲ ಕಾರಣ ನೀವೇ ಹೇಳ್ಬೇಕು. ಅವಳು ಪಾತ್ರೆ ತೊಳೆದಿದ್ದನ್ನ ಎಲ್ಲರೂ ನೋಡಿದಾರೆ." ನ್ಯಾಯವಾದ ಮಾತು. ಆದರೆ ಒಬ್ಬರಿಗೆ ಹೇಳಲೇ ನನಗೆ ಐದು ವಾರ ಬೇಕಾಯಿತು.

ಹಿತ್ತಲಿಗೆ ಹೋಗಿ ಮಹಾದೇವಿಗೆ ಹೇಳಿದೆ. ಅವಳು ನಂಬಲಿಲ್ಲ. ಎರಡನೇ ಸಲ ಹೇಳಿದಾಗ ಸೋಪಿನ ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು.

ಏಪ್ರಿಲ್ 3, ಶುಭ ಶುಕ್ರವಾರ

ಕಾಲು ನೋಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ.

ಚರ್ಚಿನ ಅಂಗಳದಲ್ಲಿ ಹದಿನೆಂಟು ವರ್ಷದಿಂದ ಗಂಜಿಯ ಹಂಡೆ ನನ್ನದು. ಹೊರಗಿನವರಿಗೆ ಗಂಜಿ ಅಂದರೆ ಸುಲಭ. ಎಪ್ಪತ್ತು ಮನೆಯ ಎಪ್ಪತ್ತು ಥರದ ಅಕ್ಕಿ, ಸೋನಾ ಮಸೂರಿ, ದೋಸೆ ಅಕ್ಕಿ, ಕುಸುಬಲಕ್ಕಿ, ರೇಷನ್ ಅಕ್ಕಿ. ಒಂದು ಕರಗಿಹೋದರೂ ಇನ್ನೊಂದು ಕಲ್ಲಿನ ಹಾಗೇ ಇರುತ್ತದೆ. ದಪ್ಪದ್ದನ್ನು ಮೊದಲು ಆರಿಸಿ ಹಾಕಬೇಕು, ತೆಳ್ಳನೆಯದು ಕೊನೆಗೆ. ಆರಿಸುವ ರಾಶಿಗೆ ನಮ್ಮ ಮನೆಯ ಚೀಲವನ್ನೂ ಸುರಿದೆ. ಬಾಯಿಯವರೆಗೆ ತುಂಬಿತ್ತು, ಯಾವಾಗ ಅಷ್ಟು ಹಾಕಿದೆನೋ.

ಹತ್ತು ಗಂಟೆಗೆ ಮಹಾದೇವಿ ಬಂದಳು. "ನಾನೂ ಐದಾರ ಸೋಮಾರದ್ದ ತಗದಿಟ್ಟಿದ್ನಿರಿ ಅಕ್ಕಾರ, ನಡೀತೈತೇನ್ರಿ?" ಎಂದು ಒಂದು ಪ್ಲಾಸ್ಟಿಕ್ ಕವರು ಕೊಟ್ಟಳು. ಒಳಗೆ ಅಕ್ಕಿಯಲ್ಲ, ಜೋಳದ ನುಚ್ಚು. ಬೇರೆ ದಿನವಾಗಿದ್ದರೆ ಹಂಡೆಯ ಹತ್ತಿರ ಸೇರಿಸುತ್ತಿರಲಿಲ್ಲ, ಇಡೀ ಗಂಜಿಯ ಹದವೇ ಹೋಗುತ್ತದೆ. ಫಾದರ್ ವಸಂತ್ ದೂರದಿಂದ ನೋಡುತ್ತಿದ್ದರು. ನಾನು ನುಚ್ಚನ್ನು ತೊಳೆದು ಎಲ್ಲಕ್ಕಿಂತ ಮೊದಲು ಹಂಡೆಗೆ ಹಾಕಿದೆ.

ಉಪ್ಪಿನ ಹೊತ್ತು ಬಂತು. ಆರಾಧನೆ ಮುಗಿಯುವ ಮೊದಲು ಈ ಗಂಜಿಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪನ್ನು ಕೈ ಅಳತೆಯಲ್ಲೇ ಹಾಕಬೇಕು. ಹದಿನೆಂಟು ವರ್ಷ ಅದು ನನ್ನ ಕೈ. ಹಾಕುವಾಗ ಹೆಂಗಸರೆಲ್ಲ ಸುತ್ತ ನಿಂತು ನೋಡುತ್ತಾರೆ, ನನಗದು ಹಿಗ್ಗು. ಡಬ್ಬಿ ಕೈಗೆ ತೆಗೆದುಕೊಂಡೆ. ಆಮೇಲೆ ಅದನ್ನು ಮಹಾದೇವಿಯ ಮುಂದೆ ಹಿಡಿದೆ.

"ನಾನೇನ್ರಿ? ಇಷ್ಟು ಮಂದಿ ಮುಂದ?"

"ಹಾಕಮ್ಮ. ಹೊತ್ತಾಗುತ್ತೆ."

ಅವಳು ಹಂಡೆಯನ್ನು ಒಮ್ಮೆ ಸುತ್ತಿ ನೋಡಿ, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಮುಷ್ಟಿ ಮುಷ್ಟಿಯಾಗಿ ಹಾಕಿದಳು.

ಮೂರು ಗಂಟೆಯ ಆರಾಧನೆ ಮುಗಿದು ಬಡಿಸಿದೆವು. ಊರಿನವರು, ದಾರಿಯಲ್ಲಿ ಹೋಗುವವರು, ಪಕ್ಕದ ಕಟ್ಟಡದ ಕೆಲಸಗಾರರು, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತರು. ಚೌರಪ್ಪ ಒಂದು ಲೋಟ ಕುಡಿದರು, ಇನ್ನೊಂದು ಹಾಕಿಸಿಕೊಂಡರು.

"ಅಲ್ಲಮ್ಮಿ, ಅದಿನೆಂಟು ವರ್ಷದಾಗೆ ಇದೇ ಮೊದ್ಲು ನೋಡು ಉಪ್ಪು ಸರಿಯಾಗಿರೋದು," ಅಂದರು.

"ಮತ್ತೆ ಇಷ್ಟು ವರ್ಷ?"

"ಒಸಿ ಕಮ್ಮೀನೇ ಇರ್ತಿತ್ತು. ಯಾರ್ ಯೋಳ್ತಾರೆ ನಿನ್ಗೆ?"

ಸುತ್ತ ಕೂತಿದ್ದವರು ಗಂಜಿ ಲೋಟದೊಳಗೆ ಮುಖ ಬಚ್ಚಿಟ್ಟುಕೊಂಡರು. ಅಂದರೆ ಎಲ್ಲರಿಗೂ ಗೊತ್ತಿತ್ತು! ನನಗೆ ಮೊದಲು ಅವಮಾನವಾಯಿತು, ಆಮೇಲೆ ಎಲ್ಲಿಂದಲೋ ನಗು ಬಂತು. ಶುಭ ಶುಕ್ರವಾರ ಹೀಗೆ ನಗಬಾರದು ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಾನೂ ಒಂದು ಲೋಟ ಕುಡಿದೆ. ಬಿಸಿಯಾಗಿತ್ತು, ನುಚ್ಚು ಅಲ್ಲಲ್ಲಿ ಹಲ್ಲಿಗೆ ಸಿಗುತ್ತಿತ್ತು. ಹಸಿದ ಹೊಟ್ಟೆಗೆ ಇಳಿಯುತ್ತಾ ಹೋಗಿದ್ದು ಸ್ಪಷ್ಟವಾಗಿ ಗೊತ್ತಾಯಿತು.

ಏಪ್ರಿಲ್ 6, ಸೋಮವಾರ

ನೆನ್ನೆ ಪಾಸ್ಕ ಹಬ್ಬ. ಚೌರಪ್ಪನೇ ಕೋಳಿ ಸಾರು ಮಾಡಿದರು. ಹೇಗಿದೆ ಅಂದರು. ಖಾರ ಮೂಗಿನಲ್ಲಿ ಸುರುಸುರು ಅಂದದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ, ಹಾಗೆಂದೇ ಹೇಳಿದೆ.

ಇವತ್ತು ಮಹಾದೇವಿ ಮೊದಲ ಸಲ ದೊಡ್ಡ ಸೌಟು ಹಿಡಿದಳು. ಸೋಮವಾರ, ಅವಳದು ಒಪ್ಪೊತ್ತು. ಸಾಂಬಾರು ಕುದಿ ಬಂದಾಗ ಅವಳು ನನ್ನ ಮುಖ ನೋಡಿದಳು. ಮರೆವ್ವ ಬಟ್ಟಲಲ್ಲಿ ಒಂದಿಷ್ಟು ಬಗ್ಗಿಸಿ ನನ್ನ ಕೈಗೆ ಕೊಟ್ಟಳು.

"ಅಕ್ಕ, ನಿಮ್ಮ ಉಪವಾಸ ಮುಗೀತಲ್ಲ, ಇನ್ನು ನೀವೇ ನೋಡ್ಬಿಡಿ," ಅಂದಳು.

ಭರಮಪ್ಪನ ಬೀಳ್ಕೊಡುಗೆಗೆಂದು ಅಡುಗೆಮನೆಯವರೆಲ್ಲ ಅಲ್ಲೇ ಸೇರಿದ್ದರು. ಪಂಚಾಕ್ಷರಿಯವರು ಬಾಗಿಲಲ್ಲಿದ್ದರು. ನಲ್ಲಪ್ಪ ಕಿಟಕಿಯಿಂದ ಇಣುಕುತ್ತಿದ್ದ. ನಾನು ಒಂದು ಗುಟುಕು ಕುಡಿದೆ. ಬಿಸಿನೀರು.

"ನನಗೆ ರುಚಿ ಗೊತ್ತಾಗಲ್ಲ," ಅಂದೆ, ಕಿಟಕಿಯ ಆಚೆಗೂ ಕೇಳುವ ಹಾಗೆ. "ಜನವರಿಯಿಂದಾನೂ ಗೊತ್ತಾಗ್ತಿಲ್ಲ. ಅದನ್ನ ಬಚ್ಚಿಡೋಕೆ ಉಪವಾಸ ಅಂತ ಸುಳ್ಳು ಹೇಳಿದ್ದೆ. ಅವತ್ತಿನ ಉಪ್ಪು ನನ್ನ ತಪ್ಪು, ಪಾತ್ರೆ ತೊಳೆದಿದ್ದು ಅವಳು. ಮರೆವ್ವ, ನಿನ್ನ ನಾಲಿಗೆ ಸರಿಯಾಗಿದೆ ತಾನೇ? ಸೋಮವಾರ ಸೋಮವಾರ ನೀನೇ ನೋಡು."

ಮರೆವ್ವ ನನ್ನನ್ನೂ ಮಹಾದೇವಿಯನ್ನೂ ನೋಡಿ, ಬಟ್ಟಲು ತೆಗೆದುಕೊಂಡು ನೆಕ್ಕಿದಳು. "ಒಂಚೂರು ಬೇಕು," ಅಂದಳು. ಮಹಾದೇವಿ ಹಾಕಿದಳು.

ಎರಡು ಗಂಟೆಗೆ ಭೀಮಪ್ಪ ಬಂದಾಗ ಅವನ ತಟ್ಟೆಯ ಜೊತೆ ನನ್ನದನ್ನೂ ಹಾಕಿಕೊಂಡು ಎದುರಿಗೆ ಕೂತು ಉಂಡೆ. "ಅಕ್ಕಾರ, ಇವತ್ತ ಸಾಂಬಾರ ಭಾಳ ರುಚಿ ಐತ್ರಿ," ಅಂದ. ಅವನು ಉಣ್ಣುವುದನ್ನು ನೋಡಿದರೆ ನಿಜವೇ ಇರಬೇಕು.

ಈಗ ಸಂಜೆ ಅನ್ನಕ್ಕೆ ಅಕ್ಕಿ ತೆಗೆಯುವಾಗ ಕೈ ತಾನಾಗಿ ಮೊಳೆಯ ಮೇಲಿನ ಚೀಲಕ್ಕೆ ಒಂದು ಹಿಡಿ ಹಾಕಿಬಿಟ್ಟಿತು. ತಪಸ್ಸು ಕಾಲ ಮುಗಿಯಿತಲ್ಲ ಎಂದು ನೆನಪಾಗಿ ತೆಗೆಯಲು ಹೋದೆ. ಇರಲಿ ಬಿಡು ಎಂದು ಹಾಗೇ ಬಿಟ್ಟೆ.